ದೇವಲಾಪುರದ ಕಮಿಷನರಮ್ಮ

ಬೆಳಗಿನ ಐದು ಗಂಟೆ. ದೇವಲಾಪುರದ ಪಕ್ಕದ ಹಳ್ಳಿಯ ಮನೆಯೊಂದರಲ್ಲಿ ಇಪ್ಪತ್ತೇಳರ ನಿಸರ್ಗ ಶಾಲು ಹೊದ್ದು ಹಳೆಯ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಪಕ್ಕದಲ್ಲಿಟ್ಟ ಕಾಫಿ ಕೆನೆಗಟ್ಟಿದೆ. ಹಿಂದಿನ ದಿನ ಬಂದ ಒಂಬತ್ತು ದೂರುಗಳನ್ನು ಓದಿ, ಒಬ್ಬ ಪೇದೆಗೆ ಎಚ್ಚರಿಕೆ, ಇನ್ನೊಬ್ಬನಿಗೆ ಶಹಬ್ಬಾಸ್ ಬರೆದು ಆರಕ್ಕೆ ಏಳಬೇಕು. ಹಾಲಿನ ಡೇರಿಯ ಬೀಗದ ಕೈ ಅವರ ಹತ್ತಿರವೇ ಇದೆ.

"ಕಮಿಷ್ನರಮ್ಮ, ಜನ ಬಂದವ್ರೆ ಕಣವ್ವ," ಎಂದು ಒಳಗಿನಿಂದ ತಾಯಿ ತಿಮ್ಮಮ್ಮ ಕರೆಯುತ್ತಾರೆ.

ಡೇರಿಯಲ್ಲಿ ನಿಸರ್ಗ ಎಪ್ಪತ್ತನಾಲ್ಕು ಮನೆಗಳ ಹಾಲಿನ ಫ್ಯಾಟ್, ಅಂದರೆ ಕೊಬ್ಬಿನಂಶ, ನೋಡುತ್ತಾರೆ. ಕಂಪ್ಯೂಟರಿನೊಳಗೆ ಮೂವತ್ತೆಂಟು ಪೊಲೀಸರಿಗೆ ಮುಖ್ಯಸ್ಥೆ. ಬಾಬುರಾಯನಕೊಪ್ಪಲಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ದಿಲೀಪ್ ಕಟ್ಟಿದ ಆನ್‌ಲೈನ್ ಆಟದ ಊರು ಅದು. ಹೆಸರು ಲೋಕಪಾವನಿ ಸಿಟಿ. ಊರ ನಾಟಕದಂತೆ ಇಲ್ಲಿಯೂ ಒಬ್ಬೊಬ್ಬರಿಗೆ ಒಂದೊಂದು ಪಾತ್ರ: ಡಾಕ್ಟರು, ಡ್ರೈವರು, ಕಳ್ಳ, ಪೊಲೀಸು. ಮಾತು ಮಾತ್ರ ಯಾರೂ ಬರೆದುಕೊಟ್ಟಿರುವುದಿಲ್ಲ. ಸಂಜೆಯಾದರೆ ಇನ್ನೂರಕ್ಕೂ ಹೆಚ್ಚು ಜನ ಸೇರುತ್ತಾರೆ.

ಮೂರು ವರ್ಷದ ಹಿಂದೆ ಪೇದೆಯಾಗಿ ಸೇರಿದಾಗ ಇವರ ದನಿ ಕೇಳಿ ನಕ್ಕವರಿದ್ದರು. ಅಡುಗೆಮನೆಗೆ ಹೋಗಮ್ಮ ಅಂದವರೂ ಇದ್ದರು. ನಿಸರ್ಗ ಜಗಳವಾಡಲಿಲ್ಲ, ಡೇರಿಯ ಒಂದು ಪದ್ಧತಿಯನ್ನು ಅಲ್ಲಿಗೂ ತಂದರು. ಹಾಲು ತಂದವರ ಕಣ್ಣೆದುರೇ ಸ್ಯಾಂಪಲ್ ತೆಗೆದು, ಬಂದ ಅಂಕಿಯನ್ನು ಅವರಿಗೆ ಹೇಳಿಯೇ ಮುಂದಿನವರನ್ನು ಕರೆಯುವುದು ಡೇರಿಯ ಕ್ರಮ. ಆಟದಲ್ಲಿಯೂ ಹಾಗೆಯೇ, ಆರೋಪಿಯನ್ನು ಎದುರಿಗೆ ಕೂರಿಸಿ ಕೇಳದೆ ಶಿಕ್ಷೆಯಿಲ್ಲ. ಆ ನಿಯಮವೇ ಅವರನ್ನು ಮುಖ್ಯಸ್ಥೆಯ ಕುರ್ಚಿಗೆ ಏರಿಸಿತು.

ಅದನ್ನು ಮುರಿದದ್ದೂ ಅವರೇ. ಕಳೆದ ಶ್ರಾವಣದಲ್ಲಿ ಸಿಟಿಯ ನಾಮಾಂಕಿತ ಕಳ್ಳ ಮರಿಯಯ್ಯ ಕೈಕೋಳ ಬಿದ್ದ ಕೂಡಲೇ ಆಟದಿಂದ ಮಾಯವಾದರು. ನಿಜದಲ್ಲಿ ಅವರು ಪಾಂಡವಪುರದ ಕಡೆಯ ನಲವತ್ತೈದರ ರೈತ. ಬಂಧನದ ನಡುವೆ ಎದ್ದುಹೋದವರಿಗೆ ಏಳು ದಿನ ಆಟಕ್ಕೆ ಪ್ರವೇಶವಿಲ್ಲ ಎಂಬುದು ಸಿಟಿಯ ಕಾನೂನು. ಅವತ್ತು ಕೆಲಸದ ಒತ್ತಡ. ನಿಸರ್ಗ ವಿಚಾರಿಸದೆ ಆದೇಶ ಹೊರಡಿಸಿದರು. ನಾಲ್ಕನೆಯ ದಿನ ಬೆಳಗಿನ ದೂರುಗಳ ನಡುವೆ ಒಂದೇ ಸಾಲು ಬಂತು: "ಹಸ ಕರ ಆಕ್ತಿತ್ತು ಮೇಡಮ್ಮೋರೆ, ಅದ್ಕೆ ಎದ್ದೋದೆ."

"ದಿನಾ ಹಾಲು ಅಳಿಯೋಳು ನಾನು. ನಂಗೇ ಒಳೀನಿಲ್ವಲ್ಲ," ಎನ್ನುತ್ತಾರೆ.

ಶಿಕ್ಷೆಯನ್ನು ಅವತ್ತೇ ರದ್ದು ಮಾಡಿದರು. ಆದರೆ ಎಲ್ಲರೂ ಕೇಳುವಂತೆ ಆಟದ ಪೊಲೀಸ್ ರೇಡಿಯೋದಲ್ಲಿ ಕ್ಷಮೆ ಕೇಳುತ್ತೇನೆ ಎಂದಾಗ ಇಲಾಖೆಯೇ ಒಡೆಯುವ ಹಾಗಾಯಿತು. ಹನ್ನೊಂದು ಜನ ರಾಜೀನಾಮೆಗೆ ಸಿದ್ಧರಾದರು. ಅವರ ಪರವಾಗಿ ಮಾತಾಡಿದ್ದು ಕೆ.ಆರ್. ಪೇಟೆಯ ಪುಟ್ಟರಾಜು, ಇಲಾಖೆಯಲ್ಲಿ ಇವರ ನಂತರದವರು.

"ಕಳ್ಳನ ಮುಂದೆ ತಲೆ ಬಗ್ಗಿಸುದ್ರೆ ನಾಳೆ ನಮ್ಗ್ಯಾರಕ್ಕ ಎದ್ರುತಾರೆ?"

"ಎದ್ರುಸೋಕೆ ನಾನ್ ಬಂದಿಲ್ಲ ಕಣ್ಲಾ. ಫ್ಯಾಟ್ ತಪ್ಪು ಬರ್ದ್ರೆ ಅವ್ರೆದುರ್ಗೇ ತಿದ್ದಿ ಬರೀತೀನಿ. ಇಲ್ಲೂ ಅಷ್ಟೇಯ."

ಕ್ಷಮೆ ಕೇಳಿದರು. ಮರಿಯಯ್ಯ ಹೊರಗಿದ್ದ ಮೂರು ದಿನಕ್ಕೆ ಬದಲಾಗಿ ಮೂರು ಸಂಜೆ ತಾವೇ ಆಟದ ಜೈಲಿನಲ್ಲಿ ಕೂತರು. ಇಬ್ಬರು ಇಲಾಖೆ ಬಿಟ್ಟೇಹೋದರು. ಪುಟ್ಟರಾಜು ಹೋಗಲಿಲ್ಲ, ಆ ಮೂರು ಸಂಜೆಯೂ ಜೈಲಿನ ಬಾಗಿಲಲ್ಲಿ ಕಾವಲು ನಿಂತರು.

ಈ ದುಡಿಮೆಗೆ ಸಂಬಳವಿಲ್ಲ. ನೆಟ್ ಕೈಕೊಟ್ಟ ದಿನ ನಿಸರ್ಗ ಫೋನು ಹಿಡಿದು ತಾರಸಿ ಹತ್ತುತ್ತಾರೆ. ಎಲ್ಲರನ್ನೂ ಒಂದು ಭಾನುವಾರ ಕರಿಘಟ್ಟದ ಬೆಟ್ಟಕ್ಕೆ ಕರೆಸಿ, ದನಿಯಷ್ಟೇ ಗೊತ್ತಿರುವವರ ಮುಖ ನೋಡಬೇಕೆಂಬ ಆಸೆ ಅವರಿಗಿದೆ.

ಮರಿಯಯ್ಯ ಈಗಲೂ ಕಳ್ಳರೇ. ಸಿಕ್ಕಿಬಿದ್ದಾಗ, ಒಸಿ ಇರಿ, ಹಾಲು ಕರೆದು ಬರುತ್ತೇನೆ ಎಂದು ಹೇಳಿ ಎದ್ದುಹೋಗುತ್ತಾರೆ. ಪರದೆಯ ಮೇಲೆ ಅವರ ಗೊಂಬೆ ಕೈಕೋಳದಲ್ಲಿ ಸುಮ್ಮನೆ ನಿಂತಿರುತ್ತದೆ. ಸುತ್ತ ನಾಲ್ಕು ಜೀಪು, ಆರು ಪೊಲೀಸರು. ಇಪ್ಪತ್ತು ನಿಮಿಷ ಯಾರೂ ಕದಲುವುದಿಲ್ಲ.

ಬರದೇ ಹೋದರೆ ಎಂದು ಕೇಳಿದೆ. ನಿಸರ್ಗ ಡೇರಿಯ ಬೀಗ ತೆಗೆಯುತ್ತಾ ನಗುತ್ತಾರೆ.

"ಇದುವರ್ಗೂ ಒಂದ್ಸಲನೂ ತಪ್ಸಿಲ್ಲ. ಕಳ್ಳ ವಾಪಸ್ ಬತ್ತಾನೆ ಅಂತ ಕಾಯೋ ಪೊಲೀಸ್ರು ನಾವು."