ಅರಿಶಿಣ ಕುಡಿದ ಹೀಟರು

ಡಿಸೆಂಬರಿನ ಒಂದು ಗುರುವಾರ ಬೆಳಿಗ್ಗೆ ಆರೂ ಹತ್ತಕ್ಕೆ ನಾವು ಧಾರವಾಡ ಬಿಟ್ಟೆವು. ಆರಕ್ಕೆ ಸರಿಯಾಗಿ ಹೊರಡಬೇಕೆಂದು ಗೊತ್ತುಮಾಡಿದ್ದೆ. ನನ್ನ ಯಜಮಾನರು ಉಣ್ಣೆಯ ಕೈಗವಸಿನ ಎರಡನೆಯ ಜೊತೆಯನ್ನು ಹುಡುಕಲು ಒಳಗೆ ಹೋದದ್ದರಿಂದ ಹತ್ತು ನಿಮಿಷ ತಡವಾಯಿತು. ನಮ್ಮದು ಹಳೆಯ ಡೀಸೆಲ್ ವ್ಯಾನು. ಅದರೊಳಗೆ ಎರಡು ಹಾಸಿಗೆ, ಒಂದು ಒಲೆ, ಮಡಚುವ ಮೇಜು, ನೀರಿನ ಟಾಕಿ ಇವನ್ನೆಲ್ಲ ಕೂರಿಸಿ ಯಾರೋ ಅದನ್ನು ಓಡಾಡುವ ಮನೆಯನ್ನಾಗಿ ಮಾಡಿದ್ದರು. ಹಿಂದಿನ ವರ್ಷ ನಾವು ಕೊಂಡೆವು. ಮನೆಗಾಡಿ ಎಂದು ಕರೆಯುತ್ತೇವೆ. ಓಡಿಸುವವಳು ನಾನು.

ಹೋಗಬೇಕಾಗಿದ್ದುದು ಹಿಮಾಚಲಕ್ಕೆ. ಯಜಮಾನರು, ಅಂದರೆ ವಸಂತ ಮಾಸ್ತರು, ಇಪ್ಪತ್ತೆಂಟು ವರ್ಷ ಭೂಗೋಳ ಕಲಿಸಿದವರು. ಹಿಮರೇಖೆಯನ್ನೂ ಹಿಮನದಿಯನ್ನೂ ಸೀಮೆಸುಣ್ಣದಲ್ಲಿ ಸಾವಿರ ಸಲ ಬರೆದು ತೋರಿಸಿದ್ದಾರೆ; ಬೀಳುವ ಹಿಮವನ್ನು ಒಮ್ಮೆಯೂ ಕಂಡವರಲ್ಲ. ಆದರೆ ಅವರ ಬೆರಳುಗಳಿಗೆ ಚಳಿ ಒಗ್ಗುವುದಿಲ್ಲ. ಮೊದಲು ಬಿಳುಪಾಗುತ್ತವೆ, ಆಮೇಲೆ ನೀಲಿಯಾಗುತ್ತವೆ, ಕೊನೆಗೆ ಅವರು ಚಮಚವನ್ನು ಕೂಡ ಹಿಡಿಯಲಾರರು. ಆದ್ದರಿಂದಲೇ ಹೀಟರು ಇರುವ ಗಾಡಿಯನ್ನು ಹುಡುಕಿ ಕೊಂಡದ್ದು, ಆದ್ದರಿಂದಲೇ ಮೊದಲ ನಿಲುಗಡೆಯಾಗಿ ಮಿರಜದ ವೈದ್ಯರನ್ನು ಕಾಣುವುದೆಂದು ನಿಶ್ಚಯಿಸಿದ್ದು.

ಬೆಳಗಾವಿಯಲ್ಲಿ ಇಡ್ಲಿ, ಸಂಕೇಶ್ವರದಲ್ಲಿ ಚಹಾ. ಚಿಕ್ಕೋಡಿಯಿಂದ ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ತೆವಳಬೇಕಾಯಿತು. ಸುಮಾರು ಇನ್ನೂರು ಕಿಲೋಮೀಟರ್ ದಾರಿಗೆ ಆರು ಗಂಟೆ ಹಿಡಿಯಿತು. ಬಿಸಿಲು ಚುರುಕಾಗಿತ್ತು, ಗಾಳಿ ತಣ್ಣಗಿತ್ತು.

ವೈದ್ಯರು ಮಾಸ್ತರ ಹತ್ತೂ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಮರಾಠಿಯಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ಮಲಗುವ ಜಾಗ ರಾತ್ರಿಯೆಲ್ಲ ಬೆಚ್ಚಗಿರುವುದಾದರೆ ಈ ವರ್ಷ ಹೋಗಿಬನ್ನಿ, ಬೆಚ್ಚಗಿರದಿದ್ದರೆ ಹೋಗಬೇಡಿ, ಮುಂದಿನ ವರ್ಷ ಕೇಳಲು ಬಂದರೆ ನಾನು ಒಪ್ಪುವುದಿಲ್ಲ. ಮಾಸ್ತರು ಮೂರನೆಯ ಮಾತನ್ನು ಕೇಳಿಸಿಕೊಳ್ಳದವರಂತೆ ಎದ್ದು ನಮಸ್ಕಾರ ಮಾಡಿದರು.

ಹೊರಗೆ ಬಂದಾಗ ಆಸ್ಪತ್ರೆಯ ಕಾವಲುಗಾರ ನಮ್ಮ ಗಾಡಿಯ ಅಡಿಯಲ್ಲಿ ಬಗ್ಗಿ ನೋಡುತ್ತಿದ್ದ. ಫರಸಿಗಲ್ಲಿನ ನೆಲದ ಮೇಲೆ ಅಂಗೈಯಗಲದ ಹಸಿರು ಕಲೆ. ಅದರ ನಡುವೆ ಟಪ್ಪೆಂದು ಇನ್ನೊಂದು ಹನಿ.

ಆ ಹಸಿರಿನ ಅರ್ಥ ನನಗೆ ತಕ್ಷಣ ಗೊತ್ತಾಯಿತು. ನಮ್ಮ ಹೀಟರು ಗಾಡಿಯ ಟಾಕಿಯಿಂದಲೇ ಡೀಸೆಲ್ ಎಳೆದು ಉರಿಸಿ ಕೂಲಂಟ್ ಎಂಬ ಹಸಿರು ದ್ರವವನ್ನು ಕಾಯಿಸುತ್ತದೆ. ಆ ಬಿಸಿ ದ್ರವವನ್ನು ಎರಡು ಸಣ್ಣ ವಿದ್ಯುತ್ ಪಂಪುಗಳು ರಬ್ಬರ್ ಕೊಳವೆಗಳಲ್ಲಿ ಹಾಸಿಗೆಗಳ ಕೆಳಗೆ ಸುತ್ತಿಸುತ್ತವೆ. ದ್ರವ ಕಡಿಮೆಯಾದರೆ ಹೀಟರು ತನ್ನಷ್ಟಕ್ಕೆ ಆರುತ್ತದೆ. ಗಾಡಿ ಕೊಂಡ ದಿನದಿಂದ ಪಂಪುಗಳ ವಿಷಯದಲ್ಲಿ ನನ್ನದೊಂದು ಕ್ರಮವಿತ್ತು: ಓಡಿಸುವ ಪ್ರತಿದಿನ, ಹೊರಡುವ ಮುನ್ನ, ಕೊಳವೆಗಳನ್ನು ಹಿಡಿದಿರುವ ನಾಲ್ಕು ಕ್ಲಿಪ್ಪುಗಳ ಸ್ಕ್ರೂಗಳನ್ನು ಕಾಲು ಸುತ್ತು ಬಿಗಿಮಾಡುವುದು. ಇಷ್ಟು ಶಿಸ್ತಿನಿಂದ ನೋಡಿಕೊಂಡ ಪಂಪು ಸೋರಿದ್ದು ನನಗೆ ವೈಯಕ್ತಿಕ ಅಪಮಾನದಂತೆ ಕಂಡಿತು. ಅಲ್ಲಿಯೇ ಮಲಗಿ ನಾಲ್ಕನ್ನೂ ಮತ್ತೆ ಬಿಗಿಮಾಡಿದೆ.

ಇಳಿದುಕೊಂಡದ್ದು ಪಕ್ಕದ ಸಾಂಗಲಿಯ ವಿಶ್ರಾಮಬಾಗದಲ್ಲಿರುವ ನನ್ನ ಮಾವಶಿಯ, ಅಂದರೆ ಚಿಕ್ಕಮ್ಮನ, ಮನೆಯಲ್ಲಿ. ಅವಳ ಯಜಮಾನರು ಮಹಾಲಿಂಗ ಕಾಕಾ ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಶಿಣದ ವ್ಯಾಪಾರಿ. ಎಪ್ಪತ್ತು ದಾಟಿದರೂ ಅಂಗಡಿಯನ್ನು ಬಿಟ್ಟಿಲ್ಲ. ಅವರ ಅಂಗಿಯ ಕಾಲರು, ಉಗುರು, ಕನ್ನಡಕದ ಕಡ್ಡಿ ಎಲ್ಲವೂ ತೆಳುವಾದ ಹಳದಿ. ಗೇಟಿನಲ್ಲಿಯೇ ಅವರ ಕಣ್ಣು ಕೆಳಗೆ ಹೋಯಿತು.

"ಏ ಸುಮಿ, ನಿನ್ನ ಗಾಡಿ ಸೋರಾಕ ಹತ್ತೈತಲ್ಲ!"

"ಹೌದ್ರಿ ಕಾಕಾ. ನಾಳೆ ನೋಡ್ತೀನಿ."

"ನೋಡೂದೇನೈತಿ? ಮೊದಲ ಒಳಗ ಬರ್ರಿ, ಕುಂದ್ರಿ. ಭಡಂಗ ತಿನ್ರಿ."

ಸಾಂಗಲಿಯ ಭಡಂಗವೆಂದರೆ ಬೆಳ್ಳುಳ್ಳಿ, ಶೇಂಗಾ ಹಾಕಿದ ಖಾರದ ಚುರುಮುರಿ. ಅದರ ಮೇಲೆ ಜೋಳದ ರೊಟ್ಟಿ, ಝುಣಕ, ಮೊಸರು. ಮಾಸ್ತರು ಚೆನ್ನಾಗಿ ಊಟ ಮಾಡಿದರು. ನಾನು ಗಾಡಿಯ ಅಡಿಯಲ್ಲಿ ಒಂದು ಸ್ಟೀಲಿನ ಡಬರಿ ಇಟ್ಟು ಮಲಗಿದೆ.

ಶುಕ್ರವಾರ ಬೆಳಿಗ್ಗೆ ಡಬರಿಯಲ್ಲಿ ಎರಡು ಲೋಟದಷ್ಟು ಹಸಿರು ನೀರಿತ್ತು. ಹನಿ ಮುಂದಿನ ಪಂಪಿನಿಂದ ಬೀಳುತ್ತಿದೆಯೋ ಹಿಂದಿನದರಿಂದಲೋ ತಿಳಿಯುವಂತಿರಲಿಲ್ಲ, ಎರಡೂ ಒದ್ದೆಯಾಗಿದ್ದವು. ಸಾಂಗಲಿಯಲ್ಲಿ ಎರಡು ಅಂಗಡಿಗಳಿಗೆ ಫೋನು ಮಾಡಿದೆ. ಹೊರದೇಶದ ಪಂಪು, ತರಿಸಬೇಕೆಂದರೆ ಮೂರು ವಾರ ಎಂದರು. ಮೂರು ವಾರ ಕಾದರೆ ಹಾದಿಗಳು ಮುಚ್ಚುವ ಕಾಲ ಬರುತ್ತದೆಂದು ಮಾಸ್ತರೇ ನಕಾಶೆ ನೋಡಿ ಲೆಕ್ಕ ಹೇಳಿದರು. ಆಮೇಲೆ ನಕಾಶೆಯನ್ನು ಮಡಚಿದರು.

"ಸರಿ ಆಗಲಿಲ್ಲಂದ್ರ ತಿರುಗಿ ಹೋಗೂನು ಸುಮಿತ್ರಾ. ಚಿತ್ರದಾಗ ನೋಡೇನಲ್ಲ, ಸಾಕು."

ಅವರು ಹಾಗೆ ಹೇಳಿದ ಮೇಲೆ ತಿರುಗಿ ಹೋಗುವುದು ನನ್ನಿಂದ ಸಾಧ್ಯವೇ ಇರಲಿಲ್ಲ. ಪಂಪುಗಳನ್ನು ಬಿಚ್ಚಬೇಕು, ಅದಕ್ಕೆ ಮುಂಚೆ ಸ್ನಾನ ಮುಗಿಸಬೇಕು ಎಂದು ಒಳಗೆ ಹೋದೆ. ಹಿಂದಿರುಗಿ ಬಂದಾಗ ಕಾಕಾ ಕೂಲಂಟ್ ಡಬ್ಬಿಯ ಮುಚ್ಚಳವನ್ನು ತಿರುಗಿಸಿ ಹಾಕುತ್ತಿದ್ದರು. ಮುಚ್ಚಳದ ಸುತ್ತ ಹಳದಿ ಪುಡಿ ಚೆಲ್ಲಿತ್ತು.

"ಕಾಕಾ! ಏನ್ ಹಾಕಿದ್ರಿ?"

"ಅರಿಶಿಣ. ಎರಡ ಮುಷ್ಟಿ. ನಮ್ಮ ಟ್ರಕ್ಕಿನವರು ರೇಡಿಯೇಟರ್ ಸೋರಿದ್ರ ಇದನ್ನ ಹಾಕ್ತಾರ. ಸಣ್ಣ ಸೀಳು ಇದ್ರ ಹೋಗಿ ಕುಂದ್ರತೈತಿ, ಬಂದ್ ಆಕ್ಕೈತಿ."

"ಯಾರನ್ನ ಕೇಳಿ ಹಾಕಿದ್ರಿ?"

"ಗಾಯಕ್ಕ ಅರಿಶಿಣ ಹಚ್ಚೂ ಮುಂದ ಯಾರನ್ನರ ಕೇಳ್ತಾರೇನವಾ?"

ಮಾವಶಿ ಕಿಟಕಿಯಿಂದ ಕೂಗಿದಳು: "ಗಾಡಿಗೆ ಸುರುವಿದ ಅರಿಶಿಣದಾಗ ನಾ ಒಂದು ತಿಂಗಳ ಸಾರು ಮಾಡ್ತಿದ್ದೆ. ಮನಿಗೆ ಕೇಳಿದ್ರ ಚಮಚ ಅಳದು ಕೊಡ್ತಾರ!"

ಸಿಟ್ಟು ಬಂದದ್ದು ನಿಜ. ಅದಕ್ಕಿಂತ ಹೆಚ್ಚು ಸಿಟ್ಟು ಬರಿಸಿದ್ದೆಂದರೆ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಸೋರುವುದು ನಿಂತೇಹೋದದ್ದು. ಡಬರಿ ಒಣಗಿತ್ತು. ಕಾಕಾ ಪಕ್ಕದ ಮನೆಯವರನ್ನು ಕರೆದು ಡಬರಿ ತೋರಿಸಿದರು. ಮಾಸ್ತರು ನಕಾಶೆಯನ್ನು ಮತ್ತೆ ಬಿಚ್ಚಿ "ಇವತ್ತ ಹೊರಟ್ರ ಹ್ಯಾಂಗ?" ಎಂದರು.

ನಾನೂ ಟೀಚರಾಗಿದ್ದವಳು, ಪರೀಕ್ಷೆ ಮಾಡದೆ ಪಾಸು ಮಾಡುವ ಅಭ್ಯಾಸ ನನಗಿಲ್ಲ. ಹೀಟರು ಹಚ್ಚಿ ಕೈಗಡಿಯಾರ ನೋಡುತ್ತ ಕುಳಿತೆ. ಹತ್ತು ನಿಮಿಷ ಸರಿಯಾಗಿ ನಡೆಯಿತು. ಹದಿನೆಂಟನೆಯ ನಿಮಿಷಕ್ಕೆ ಪಂಪಿನ ದನಿ ದಪ್ಪವಾಯಿತು. ಇಪ್ಪತ್ತೆರಡಕ್ಕೆ ಕೆಂಪು ದೀಪ ಹತ್ತಿತು, ಹೀಟರು ನಿಂತಿತು. ಅರಿಶಿಣ ಹೋಗಿ ಕುಳಿತಿತ್ತು. ಸೀಳಿನಲ್ಲಿ ಅಷ್ಟೇ ಅಲ್ಲ, ಪಂಪುಗಳ ಹೊಟ್ಟೆಯಲ್ಲಿಯೂ. ಕಾಕಾ ಟೋಪಿ ಹಾಕಿಕೊಂಡು ಅಂಗಡಿಗೆ ಹೋದರು. ಸಂಜೆ ಅವರೇ ಫೋನು ಮಾಡಿದರು: "ಕುಪವಾಡದಾಗ ನಮ್ಮ ಭರಮು ಮಿಸ್ತ್ರಿ ಇದ್ದಾನ. ನಾಳೆ ಒಂಬತ್ತಕ್ಕ ಬಾ ಅಂದಾನ. ನಾನೂ ಬರ್ತೀನಿ."

ಶನಿವಾರ ಒಂಬತ್ತಕ್ಕೆ ಐದು ನಿಮಿಷವಿದ್ದಾಗ ಗಾಡಿಯನ್ನು ಎಳೆಸಿಕೊಳ್ಳದೆ, ನಾನೇ ಓಡಿಸಿಕೊಂಡು ಕುಪವಾಡದ ಕಾರ್ಖಾನೆಗಳ ಬೀದಿಗೆ ಹೋದೆ. ಎಂಜಿನ್ನಿನ ದ್ರವದ ದಾರಿಯೇ ಬೇರೆ, ಹೀಟರಿನದೇ ಬೇರೆ. ಆದ್ದರಿಂದ ಓಡಾಟಕ್ಕೆ ಅಡ್ಡಿಯಿರಲಿಲ್ಲ. ಭರಮು ಮಿಸ್ತ್ರಿಗೆ ನಲವತ್ತರ ಪ್ರಾಯ, ಜೈನರು. ಅಜ್ಜಿಯೊಂದಿಗೆ ಮಾತ್ರ ಕನ್ನಡ ಮಾತಾಡಿದವರು ಮಾತಾಡುವ ಹಾಗೆ ಕನ್ನಡ ಮಾತಾಡುತ್ತಾರೆ: ಸಂಬೋಧನೆ ಕನ್ನಡದಲ್ಲಿ, ಸಿಟ್ಟು ಮರಾಠಿಯಲ್ಲಿ. ಡಬ್ಬಿಯ ಮುಚ್ಚಳ ತೆಗೆದು ಮೂಸಿದರು.

"ಅರೇ ದೇವಾ! ಕಾಕಾ, ಇದರಾಗ ಸಾಸಿವಿ ಒಗ್ಗರಣಿ ಹಾಕೂದ ಯಾಕ ಮರತ್ರಿ?"

"ನಿಂತಿತ್ತಲ್ಲೋ ಸೋರೂದು!" ಎಂದರು ಕಾಕಾ.

"ನಿಂತಿತ್ತು. ಹೀಟರೂ ನಿಂತಿತ್ತು."

ಕೊಳವೆಗಳಿಂದ ಹಳದಿ ಕೆಸರನ್ನೆಲ್ಲ ಇಳಿಸಿ, ಶುದ್ಧ ನೀರನ್ನು ಮೂರು ಸಲ ಹಾಯಿಸಿ, ಅವರು ತಮ್ಮ ಪದ್ಧತಿಯನ್ನು ಹಿಡಿದರು. ಕೊಳವೆಗೆ ಸೈಕಲ್ಲಿನ ಪಂಪಿನಿಂದ ಗಾಳಿ ತುಂಬುವುದು. ಬಟ್ಟೆ ಸೋಪಿನ ನೊರೆ ಮಾಡಿ ಗಡ್ಡದ ಬ್ರಷ್ಷಿನಿಂದ ಕೀಲುಗಳಿಗೆಲ್ಲ ಬಳಿಯುವುದು. ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುವುದು. ಕ್ಲಿಪ್ಪುಗಳ ಬಾಯಿಗೆ ಬಳಿದರು. ಗುಳ್ಳೆ ಇಲ್ಲ. ನಾನು ಮನಸ್ಸಿನಲ್ಲಿ ಹೆಮ್ಮೆಪಟ್ಟೆ. ಪಂಪಿನ ಮುಚ್ಚಳದ ಸುತ್ತ ಬಳಿದರು. ಇಲ್ಲ. ಅರ್ಧ ಗಂಟೆಯಾದರೂ ಒಂದೂ ಗುಳ್ಳೆ ಏಳಲಿಲ್ಲ, ಆದರೆ ಗಾಳಿಯ ಒತ್ತಡ ತೋರಿಸುವ ಮುಳ್ಳು ಮಾತ್ರ ನಿಧಾನವಾಗಿ ಇಳಿಯುತ್ತಲೇ ಇತ್ತು.

"ಅಕ್ಕಾರ, ಕಾಣಿಸದ ಸೀಳು ಇದು. ಪಂಪ ಬಿಟ್ಟಬಿಡ್ರಿ, ಹೊಸಾವ ತರಸ್ರಿ," ಎಂದು ಭರಮು ಬ್ರಷ್ಷು ಕೆಳಗಿಟ್ಟರು.

ಕಾಕಾ ತಮ್ಮ ಕನ್ನಡಕ ಏರಿಸಿಕೊಂಡು ಗಾಡಿಯ ಅಡಿಗೆ ತಲೆ ಹಾಕಿದ್ದರು. "ಭರಮೂ," ಎಂದರು, "ಈ ನೊರಿ ಯಾಕ ಕೆಂಪಾತೋ?"

ಕೊಳವೆಯನ್ನು ಕೂರಿಸುವ ಪಂಪಿನ ಪ್ಲಾಸ್ಟಿಕ್ ಮೂತಿಯ ಬುಡದಲ್ಲಿ, ಕ್ಲಿಪ್ಪಿನ ಹಿಂದೆ, ಬಿಳಿಯ ನೊರೆಯೊಳಗೆ ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿತ್ತು. ಅರಿಶಿಣಕ್ಕೆ ಸೋಪು ತಾಗಿದರೆ ಕುಂಕುಮದ ಬಣ್ಣ ಬರುತ್ತದೆಂಬುದು ಹಬ್ಬದ ಬಟ್ಟೆ ಒಗೆದ ಯಾರಿಗಾದರೂ ಗೊತ್ತು. ಸೀಳಿನಲ್ಲಿ ಹೋಗಿ ಕುಳಿತಿದ್ದ ಅರಿಶಿಣ ತನ್ನ ಜಾಗವನ್ನು ತಾನೇ ಬರೆದು ತೋರಿಸಿತ್ತು. ಹಿಂದಿನ ಪಂಪಿಗೂ ನೊರೆ ಬಳಿದರು. ಅಲ್ಲಿಯೂ ಅದೇ ಜಾಗದಲ್ಲಿ, ಅದೇ ಗೆರೆ.

"ನೋಡು!" ಎಂದು ಕಾಕಾ ಎದ್ದು ನಿಂತರು. "ಯಾವ ಮಶೀನ ಹೇಳ್ತಿತ್ತು ಇದನ್ನ?"

ಭರಮು ಅವರ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದರು. "ಎರಡರಾಗೂ ಒಂದ ಜಾಗಾ. ಇದು ಹಳೇದಾಗಿ ಆಗಿದ್ದಲ್ಲ. ಈ ಕ್ಲಿಪ್ ಯಾರು ಬಿಗೀತಾರ?"

"ನಾನು. ಪ್ರತಿದಿನ, ಕಾಲು ಸುತ್ತು," ಎಂದೆ.

"ದರರೋಜ?" ಅವರು ಕ್ಲಿಪ್ಪಿನ ಕೆಳಗೆ ಚಪ್ಪಟೆಯಾದ ಮೂತಿಯನ್ನು ಬೆರಳಿನಿಂದ ತಟ್ಟಿದರು. "ಟೀಚರಬಾಯಿ, ಹುಡುಗರ ಕಿವಿ ಹಿಂಡಿಧಂಗ ಹಿಂಡೀರಲ್ರಿ ಇದನ್ನ! ಪ್ಲಾಸ್ಟಿಕ್ ಐತಿ, ಎಷ್ಟ ತಡಕೊಂಡೀತು?"

ಕಾಕಾ ನಕ್ಕರು. ಮಾಸ್ತರು ನಗಲಿಲ್ಲ, ಆದರೆ ಮುಖವನ್ನು ರಸ್ತೆಯ ಕಡೆ ತಿರುಗಿಸಿಕೊಂಡರು, ಅವರ ಭುಜ ಅಲುಗಿತು. ತಪ್ಪು ನನ್ನದೆಂದು ಅಲ್ಲಿಯೇ ಒಪ್ಪಿಕೊಂಡೆ. ಮುಂದಿನ ಕೆಲಸ ಬೇಗ ಆಗಲೆಂದು ಒಪ್ಪಿಕೊಂಡೆ ಎಂದರೂ ಸರಿಯೇ. ಕಾರಣ ತಿಳಿದ ತೊಂದರೆಯನ್ನು ನಾನು ತೊಂದರೆಯೆಂದು ಎಣಿಸುವುದಿಲ್ಲ. "ಮೂತಿ ಅಷ್ಟನ್ನ ಹಿತ್ತಾಳಿಯಲ್ಲಿ ಮಾಡಿಸಲಿಕ್ಕೆ ಬರ್ತದೇನ್ರಿ?" ಎಂದು ಕೇಳಿದೆ.

ಭರಮು ಪಂಪನ್ನು ಅಂಗೈಯಲ್ಲಿ ತೂಗಿ ನೋಡಿದರು. ಮೂರು ಅಂಗಡಿಗಳ ಆಚೆ ಲೋಹ ಕಡೆಯುವ ಲೇಥು ಇತ್ತು. ಸೀಳಿದ ಎರಡರ ಜೊತೆಗೆ ಉಳಿದೆರಡು ಮೂತಿಗಳನ್ನೂ ಕೊಯ್ದು, ತೂತುಗಳಿಗೆ ತಿರುಪಿನ ಗೆರೆ ಕೊರೆದು, ಹಿತ್ತಾಳೆಯ ನಾಲ್ಕು ಹೊಸ ಮೂತಿಗಳನ್ನು ರಬ್ಬರ್ ಬಳೆಯೊಂದಿಗೆ ತಿರುಗಿಸಿ ಕೂರಿಸುವಷ್ಟರಲ್ಲಿ ಸಂಜೆ ಐದಾಯಿತು. ಕೊನೆಯಲ್ಲಿ ನನ್ನ ಸ್ಕ್ರೂ ಕ್ಲಿಪ್ಪುಗಳನ್ನು ಭರಮು ಹಳೆಯ ಕಬ್ಬಿಣದ ಬುಟ್ಟಿಗೆ ಎಸೆದು, ಸ್ಪ್ರಿಂಗಿನ ಕ್ಲಿಪ್ಪುಗಳನ್ನು ಹಾಕಿದರು. "ಇದು ತನಗ ಎಷ್ಟ ಬೇಕೋ ಅಷ್ಟ ತಾನ ಹಿಡಕೋತೈತಿ. ತಿರುವಾಕ ಜಾಗಾನ ಇಲ್ಲ. ನಿಮ್ಮ ಕೈಗೆ ಸುಟ್ಟಿ," ಎಂದರು. ರಜೆ ಎಂಬುದಕ್ಕೆ ಅವರ ಮಾತು ಅದು.

ಭಾನುವಾರ ಪರೀಕ್ಷೆಯ ದಿನ. ಮನೆಯ ಮುಂದೆ ಗಾಡಿ ನಿಲ್ಲಿಸಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಹನ್ನೆರಡರವರೆಗೆ ಹೀಟರು ಉರಿಸಿದೆ. ಒಳಗೆ ಕೂರಲು ಒಬ್ಬರು ಬೇಕಿತ್ತು; ಕಾಕಾ ತಾವೇ ಹೋಗಿ ಕುಳಿತರು. ಹತ್ತರ ಹೊತ್ತಿಗೆ ಅಂಗಿ ಬಿಚ್ಚಿದರು. ಹನ್ನೊಂದಕ್ಕೆ ಬಾಗಿಲು ತೆರೆದು "ಸುಮಿ, ಅರಿಶಿಣ ಕುದಿಸೂ ಕಡಾಯಿ ಆಗೇತಿ ಇದು! ನಾ ಬೆಂದೆ!" ಎಂದು ಕೂಗಿದರು. ಇನ್ನೂ ಒಂದು ಗಂಟೆ ಕೂರಿಸಿದೆ. ಅವರ ಎರಡು ಮುಷ್ಟಿಗೆ ಅಷ್ಟು ದಂಡನೆ ಸಲ್ಲಬೇಕೆಂದು ನನ್ನ ಅಭಿಪ್ರಾಯ. ಕೆಳಗಿಟ್ಟ ಡಬರಿಯಲ್ಲಿ ಒಂದು ಹನಿಯೂ ಬೀಳಲಿಲ್ಲ.

ಸೋಮವಾರ ಆರಕ್ಕೆ ಸರಿಯಾಗಿ ಹೊರಟೆವು. ಕೃಷ್ಣೆಯ ಮೇಲೆ ಮಂಜಿತ್ತು. ಕಸಬೆ ಡಿಗ್ರಜದ ಹತ್ತಿರ ರಸ್ತೆಯುದ್ದಕ್ಕೂ ಕಬ್ಬಿನ ಹೊಲದ ನೀರು ಹರಿದಿತ್ತು. ಗಾಡಿ ಅದರಲ್ಲಿ ಸದ್ದು ಮಾಡುತ್ತ ಸಾಗಿತು. ಇಸ್ಲಾಮಪುರ ದಾಟಿ ಪೇಠ ನಾಕೆಯ ಹೆದ್ದಾರಿಗೆ ಮುಟ್ಟುವ ಮೊದಲು ಬದಿಗೆ ನಿಲ್ಲಿಸಿದೆ. ಅಲ್ಲಿ ಎಡಕ್ಕೆ ಹೋದರೆ ಕೊಲ್ಹಾಪುರ, ಬೆಳಗಾವಿ, ನಮ್ಮ ಮನೆ. ಬಲಕ್ಕೆ ಹೋದರೆ ಪುಣೆ, ಅದರಾಚೆಗೆ ಉತ್ತರ. ಕೆಳಗಿಳಿದು ಟಾರ್ಚು ಹಿಡಿದು ನೋಡಿದೆ. ಮುಂದಿನ ಪಂಪಿನ ಹಿತ್ತಾಳೆಯ ಮೂತಿಯ ತುದಿಯಲ್ಲಿ ಒಂದು ಹನಿ ತೂಗುತ್ತಿತ್ತು.

ಮಾಸ್ತರು ಕಿಟಕಿಯಿಂದ ಕೇಳಿದರು: "ಏನಾತು?"

"ಒಂದು ಹನಿ."

ನಾನು ಹನಿಯನ್ನು ಬೆರಳಿಗೆ ತೆಗೆದು ಮೂಸಿದೆ. ಕೂಲಂಟಿನ ಸಿಹಿ ವಾಸನೆ ಇರಲಿಲ್ಲ, ಹೊಲದ ಮಣ್ಣಿನ ವಾಸನೆಯಿತ್ತು. ಆದರೂ ನನ್ನ ಮೂಗನ್ನೊಂದೇ ನಂಬುವುದು ಸರಿಯಲ್ಲವೆನ್ನಿಸಿ, ಮೂತಿಯನ್ನು ಸೆರಗಿನಿಂದ ಒರೆಸಿ, ಹೀಟರು ಹಚ್ಚಿ, ರಸ್ತೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತೆ. ಹದಿನೈದು ನಿಮಿಷ ಕುಳಿತೆ. ಲಾರಿಗಳು ಹೋದವು. ಒಬ್ಬ ಸೈಕಲ್ಲಿನವನು ನಿಂತು ನೋಡಿ ಮುಂದೆ ಹೋದ. ಎರಡನೆಯ ಹನಿ ಬರಲಿಲ್ಲ.

ಎದ್ದು ಬಂದು ಬಾಗಿಲು ತೆರೆದಾಗ ಒಳಗಿನ ಬಿಸಿಗಾಳಿ ಮುಖಕ್ಕೆ ಬಡಿಯಿತು. ಮಾಸ್ತರು ಕೈಗವಸುಗಳನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬೆರಳುಗಳು ಮನುಷ್ಯರ ಬೆರಳಿನ ಬಣ್ಣದಲ್ಲಿದ್ದವು. ನನ್ನ ಕಡೆ ನೋಡಲು ಅವರಿಗೆ ಧೈರ್ಯವಿರಲಿಲ್ಲ. ಎದುರಿನ ಹಸಿರು ಫಲಕದ ಮೇಲಿನ ಊರುಗಳ ಹೆಸರನ್ನೇ ಓದುತ್ತಿದ್ದರು.

ನಾನು ಬಲಕ್ಕೆ ತಿರುಗುವ ದೀಪ ಹಾಕಿದೆ.