ಬಸಳೆ ಚಪ್ಪರದ ಒಂಟಿ ಇರುವೆ

ಸಾಲಾಗಿ ಸಾಗುವ ಇರುವೆಯ ಬಗ್ಗೆ ನನಗೆ ಈಗ ಅಷ್ಟೇನೂ ಭಯವಿಲ್ಲ. ಅದು ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಸಾಲನ್ನೇ ಹಿಡಿದು ತಿಳಿದುಕೊಳ್ಳಬಹುದು. ಒಂಟಿಯಾಗಿ ನಡೆಯುವ ಇರುವೆಯನ್ನು ಕಂಡರೆ ಮಾತ್ರ ನಿಲ್ಲುತ್ತೇನೆ, ಕನ್ನಡಕ ಸರಿಮಾಡಿಕೊಂಡು ಬಣ್ಣ ನೋಡುತ್ತೇನೆ. ತಲೆಯೂ ಹೊಟ್ಟೆಯೂ ಕಪ್ಪಾಗಿ, ನಡುವಿನ ಭಾಗ ಇಟ್ಟಿಗೆಯಂತೆ ಕೆಂಪಾಗಿ, ಮೈ ಉದ್ದಕ್ಕೆ ತೆಳ್ಳಗಿದ್ದರೆ ಆ ಜಾಗದ ಹತ್ತಿರ ನನ್ನ ಹೆಂಡತಿಯನ್ನು ಬಿಡುವುದಿಲ್ಲ. ಈ ಎಚ್ಚರ ನನಗೆ ಪುಸ್ತಕದಿಂದ ಬಂದದ್ದಲ್ಲ. ಕಳೆದ ಮಳೆಗಾಲದ ಆಚೀಚೆ ಅವಳ ಉಸಿರಿಗೇ ಸಂಚಕಾರ ಬಂದ ಮೇಲೆ ಬಂದದ್ದು.

ನಾನು ಸೇವೆಯಲ್ಲಿದ್ದಷ್ಟು ಕಾಲ ಶಾಸನಗಳ ಕಾಲನಿರ್ಣಯ ಮಾಡುತ್ತಿದ್ದೆ. ಶಾಸನದಲ್ಲಿ ಹೇಳಿದ ತಿಥಿಗೂ ವಾರಕ್ಕೂ ಹೊಂದಿಕೆ ಉಂಟೇ, ಅದೇ ಅರಸನ ಬೇರೆ ಶಾಸನಗಳು ಅದನ್ನು ಒಪ್ಪುತ್ತವೆಯೇ ಎಂದು ತಾಳೆ ನೋಡುವುದು ನನ್ನ ಕೆಲಸ. ನಿವೃತ್ತಿಯ ನಂತರ ಐವರ್ನಾಡಿಗೆ ಬಂದು ನೆಲೆಸಿದರೂ ಆ ಚಾಳಿ ಬಿಟ್ಟಿಲ್ಲ. ಯಾರಾದರೂ ‘ಮೊನ್ನೆ’ ಎಂದರೆ ಯಾವ ವಾರ ಎಂದು ಕೇಳುತ್ತೇನೆ. ಮನೆಯಲ್ಲಿ ಇದಕ್ಕೆ ಯಾರೂ ಉತ್ತರ ಕೊಡುವುದಿಲ್ಲ.

ಮೊದಲ ಸಲ ಅದು ನಡೆದದ್ದು ಮಳೆ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ. ಮಧ್ಯಾಹ್ನದ ಊಟವಾಗಿ ಹೆಚ್ಚು ಹೊತ್ತಾಗಿರಲಿಲ್ಲ. ಹೆಂಡತಿ ಅಂಗೈ ತುರಿಸಿಕೊಳ್ಳುತ್ತಾ ಜಗಲಿಗೆ ಬಂದಳು. ನೋಡುತ್ತಿದ್ದಂತೆಯೇ ಕುತ್ತಿಗೆಯ ಮೇಲೆ ಕೆಂಪು ಗಂದೆಗಳೆದ್ದವು, ತುಟಿ ಊದಿಕೊಂಡಿತು. ಸುಳ್ಯದ ಆಸ್ಪತ್ರೆಗೆ ಹೋದೆವು. ಅಲ್ಲಿಯ ತರುಣ ವೈದ್ಯರು ಚುಚ್ಚುಮದ್ದು ಕೊಟ್ಟು, ಏನು ತಿಂದಿರಿ ಎಂದು ಕೇಳಿದರು. ಪಕ್ಕದ ಮನೆಯಿಂದ ಬಂದ ಎಟ್ಟಿಯ ಗಸಿ ಎಂದು ಅವಳು ಹೇಳಿದಳು. ಸಿಗಡಿಯನ್ನು ನಮ್ಮಲ್ಲಿ ಎಟ್ಟಿ ಎನ್ನುವುದು, ಗಟ್ಟಿ ಸಾರನ್ನು ಗಸಿ. ವೈದ್ಯರು ತಲೆಯಾಡಿಸಿದರು. ಕೆಲವರ ಮೈಗೆ ವಯಸ್ಸಾದ ಮೇಲೂ ಎಟ್ಟಿ ಒಗ್ಗದೆ ಹೋಗುವುದುಂಟು, ಇನ್ನು ಮುಟ್ಟಬೇಡಿ ಎಂದರು.

ಪಕ್ಕದ ಮನೆಯ ಬಗ್ಗೆ ಹೇಳಬೇಕು. ಅದು ಹಲವು ತಲೆಮಾರುಗಳಿಂದ ವ್ಯಾಪಾರದಲ್ಲಿರುವ ಬ್ಯಾರಿ ಕುಟುಂಬದ್ದು. ಆ ಮನೆಯ ಹಿರಿಯಾಕೆಗೂ ನನ್ನ ಹೆಂಡತಿಗೂ ಬಹುಕಾಲದ ಗೆಳೆತನ. ಅವರು ಇವಳನ್ನು ಅಕ್ಕ ಎನ್ನುತ್ತಾರೆ, ಆ ಸಂಬಂಧಕ್ಕೆ ನಾನು ಭಾವ. ಅಲ್ಲಿ ವಿಶೇಷವಾಗಿ ಏನು ಮಾಡಿದರೂ ಮುಚ್ಚಳದ ಸ್ಟೀಲು ಪಾತ್ರೆಯಲ್ಲಿ ಒಂದು ಪಾಲು ನಮ್ಮ ಮನೆಗೆ ಬರುತ್ತದೆ. ಪಾತ್ರೆ ಬರಿದಾಗಿ ಹಿಂತಿರುಗಬಾರದೆಂಬುದು ಎರಡೂ ಮನೆಗಳ ಮರ್ಯಾದೆ. ನಮ್ಮಿಂದ ನುಗ್ಗೆಯೋ ತೆಂಗಿನಕಾಯಿಯೋ ಬಸಳೆಯೋ, ಆ ಹೊತ್ತಿಗೆ ಇದ್ದದ್ದು ಹೋಗುತ್ತದೆ.

ಎರಡನೆಯ ಸಲ ಆದದ್ದು ಜೋರು ಮಳೆಯ ನಡುವೆ. ಅಂದು ಪಾತ್ರೆಯಲ್ಲಿ ಬಂದದ್ದು ಪತ್ತಿರ್ ಎಂಬ ತೆಳ್ಳನೆಯ ಅಕ್ಕಿರೊಟ್ಟಿ ಮತ್ತು ಕೋಳಿಸಾರು. ಎಟ್ಟಿಯ ಸುಳಿವಿರಲಿಲ್ಲ. ಆದರೂ ಅದೇ ಗಂದೆ, ಅದೇ ಊತ, ಈ ಸಲ ಧ್ವನಿಯೂ ಒಡೆದಿತ್ತು. ವೈದ್ಯರು ಗಂಭೀರವಾದರು. ಮುಂದಿನ ಸಲ ಗಂಟಲೇ ಊದಿಕೊಂಡರೆ ಸುಳ್ಯ ಮುಟ್ಟುವಷ್ಟು ಹೊತ್ತು ಸಿಗಲಿಕ್ಕಿಲ್ಲ, ಕಾರಣ ಯಾವುದೆಂದು ಪತ್ತೆ ಮಾಡಲೇಬೇಕು ಎಂದರು.

ಪತ್ತೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಾನು ಸುಮ್ಮನಿರಲಿಲ್ಲ. ಮೊದಲ ಘಟನೆ ಶುಕ್ರವಾರ ಎಂದು ಹೆಂಡತಿ. ಕಲ್ಲುಗುಂಡಿಯಲ್ಲಿರುವ ತಮ್ಮ ಮಗಳು ಬಂದ ದಿನ, ಆದ್ದರಿಂದ ಗುರುವಾರ ಎಂದು ಪಕ್ಕದ ಮನೆಯಾಕೆ. ಆಸ್ಪತ್ರೆಯ ಚೀಟಿ ಹೆಂಡತಿಯ ಮಾತನ್ನು ಸಮರ್ಥಿಸಿತು, ಊದಿದ ತುಟಿಯನ್ನು ವೈದ್ಯರಿಗೆ ತೋರಿಸಲೆಂದು ನಾನು ಫೋನಿನಲ್ಲಿ ತೆಗೆದ ಚಿತ್ರವೂ ಅದನ್ನೇ ಹೇಳಿತು. ಎರಡನೆಯ ದಿನದ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಎರಡೂ ಸಲ ಪಾತ್ರೆ ಬಂದ ದಿನವೇ ರೋಗವೂ ಬಂದಿದೆ. ಆ ಮನೆಯ ಎಣ್ಣೆಯೋ, ಗೇರುಬೀಜವೋ, ಗಲ್ಫಿನಿಂದ ಬಂದ ಯಾವುದಾದರೂ ಮಸಾಲೆಯೋ ಇರಬಹುದೆಂದು ಊಹಿಸಿದೆ. ನಡುವೆ ಪಾತ್ರೆ ಬಂದೂ ಏನೂ ಆಗದ ದಿನಗಳಿದ್ದವು. ಅಂದು ಆ ಮಸಾಲೆ ಹಾಕಿರಲಿಕ್ಕಿಲ್ಲ ಎಂದು ಅವುಗಳನ್ನು ಬದಿಗಿಟ್ಟೆ. ಒಂದು ಅಳುಕು ಮಾತ್ರ ಇತ್ತು. ತಿಥಿ, ವಾರ, ನಕ್ಷತ್ರ ಎಲ್ಲವೂ ಅಚ್ಚುಕಟ್ಟಾಗಿ ಕೂಡಿಬರುವ ಶಾಸನವನ್ನು ನಾವು ಎರಡು ಬಾರಿ ಪರೀಕ್ಷಿಸುತ್ತೇವೆ. ಕೂಟಶಾಸನ, ಅಂದರೆ ಖೋಟಾ ಶಾಸನ, ಕೆತ್ತಿದವನಿಗೂ ಪಂಚಾಂಗ ಗೊತ್ತಿರುತ್ತದಲ್ಲ.

ಪಾತ್ರೆಯನ್ನು ಇನ್ನು ತೆಗೆದುಕೊಳ್ಳಬೇಡ ಎಂದು ಹೆಂಡತಿಗೆ ಹೇಳಿದೆ.

“ಬಾಗಿಲಿಗೆ ತಂದವಳಿಗೆ ಬೇಡ ಅಂತ ಹೇಗೆ ಹೇಳುದು? ಬೇಕಾದ್ರೆ ನೀವೇ ನಿಂತು ಹೇಳಿ, ನನ್ನಿಂದ ಆಗುದಿಲ್ಲ.”

ನನ್ನಿಂದಲೂ ಆಗಲಿಲ್ಲ. ತೆಗೆದುಕೊಳ್ಳುವುದು, ಅವಳು ತಿನ್ನದೆ ನಾನು ತಿನ್ನುವುದು ಎಂಬ ಒಪ್ಪಂದಕ್ಕೆ ಬಂದೆವು. ನಾನು ತಿಂದೆ, ನನಗೇನೂ ಆಗಲಿಲ್ಲ. ಆದರೆ ತುತ್ತು ಬಾಯಿಗಿಡುವ ಮುನ್ನ ಮೂಸಿ ನೋಡುವುದು ಅಭ್ಯಾಸವಾಯಿತು. ಒಮ್ಮೆ ಅಡುಗೆಮನೆಯ ಕಿಟಕಿಯಿಂದ ಪಕ್ಕದ ಮನೆಯಾಕೆ ಅದನ್ನು ಕಂಡರೆಂದು ಹೆಂಡತಿ ಮುನಿಸಿಕೊಂಡಳು. ಪಾತ್ರೆ ಬರುವುದು ಕ್ರಮೇಣ ಕಡಿಮೆಯಾಯಿತು.

ಮೂರನೆಯ ಸಲ ಆದದ್ದು ಮಳೆ ಬಿಟ್ಟು ಬಿಸಿಲು ಬಂದ ಮೇಲೆ. ಬಹಳ ದಿನಗಳ ನಂತರ ಪಾತ್ರೆ ಬಂದಿತ್ತು. ನಾನು ಪುತ್ತೂರಿಗೆ ಹೋದವನು ಮನೆಗೆ ಮರಳುವಾಗ ಅವಳು ಹಿಂಬಾಗಿಲಿನ ಮೆಟ್ಟಿಲ ಮೇಲೆ ಕುಳಿತಿದ್ದಳು, ಎದೆ ಮೇಲೆಕೆಳಗೆ ಆಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿಯೇ ಸುಳ್ಯಕ್ಕೆ ಧಾವಿಸಿದೆವು. ಆ ಹಿರಿಯಾಕೆ ದಾರಿಯುದ್ದಕ್ಕೂ ಅವಳ ತಲೆಯನ್ನು ತಮ್ಮ ಭುಜಕ್ಕೆ ಆನಿಸಿಕೊಂಡಿದ್ದರು. ನಾನು ಮುಂದೆ ಕುಳಿತು, ಒಪ್ಪಂದ ಮುರಿದು ಇವಳು ತಿಂದಳಲ್ಲ ಎಂದುಕೊಳ್ಳುತ್ತಿದ್ದೆ.

ಚುಚ್ಚುಮದ್ದು ಕೊಟ್ಟ ಮೇಲೆ ಉಸಿರು ಸರಿಯಾಯಿತು. ಒಂದು ರಾತ್ರಿ ಆಸ್ಪತ್ರೆಯಲ್ಲಿರಿಸಿಕೊಂಡರು. ಮರುದಿನ ಬೆಳಿಗ್ಗೆ ಅವಳ ಬಟ್ಟೆ ತರಲೆಂದು ಮನೆಗೆ ಬಂದಾಗ ಅಡುಗೆಮನೆಯ ಕಟ್ಟೆಯ ಮೇಲೆ ನಮ್ಮ ತಟ್ಟೆಯೊಂದರಲ್ಲಿ ಹಿಂದಿನ ದಿನ ಬಂದ ತಿಂಡಿ ಮುಚ್ಚಿಟ್ಟಿತ್ತು. ಮುಚ್ಚಳ ತೆಗೆದು ನೋಡಿದೆ. ಯಾರೂ ಮುಟ್ಟಿರಲಿಲ್ಲ. ಅಂದರೆ ಅವಳು ತಿಂದಿಲ್ಲ. ತಿನ್ನದೆಯೂ ಊದಿಕೊಂಡಿದ್ದಾಳೆ. ಪಾತ್ರೆ ಮಾತ್ರ ಅಲ್ಲಿರಲಿಲ್ಲ.

ಬಟ್ಟೆಯ ಚೀಲವನ್ನು ಹಿಡಿದುಕೊಂಡೇ ಪಕ್ಕದ ಮನೆಗೆ ಹೋದೆ. ಹಿರಿಯಾಕೆ ಜಗಲಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅಕ್ಕನ ಉಸಿರು ಹೇಗುಂಟು ಎಂದು ಕೇಳಿ, ನನ್ನ ಮುಖ ನೋಡಿ, ಕೈಯ ಚೂರಿ ಕೆಳಗಿಟ್ಟರು.

“ಭಾವ, ನೀವು ಎಂತ ಕೇಳ್ಲಿಕ್ಕೆ ಬಂದದ್ದು ಅಂತ ನನಗೆ ಗೊತ್ತುಂಟು. ನಾನು ಎಂತ ಹಾಕಿದ್ದು ಅಂತ ಅಲ್ವಾ?”

ಅಲ್ಲ, ಪಾತ್ರೆ ಹಿಂತಿರುಗಿದ್ದು ಯಾವಾಗ ಎಂದಷ್ಟೇ ಕೇಳಲು ಬಂದೆ ಎಂದೆ. ಪಾತ್ರೆ ಕೊಟ್ಟ ಸ್ವಲ್ಪ ಹೊತ್ತಿಗೇ ಅಕ್ಕ ಬೇಲಿಯ ಹತ್ತಿರ ಬಂದು, ಬಸಳೆ ತುಂಬಿಸಿ ಕೊಟ್ಟು ಹೋದರು, ಆಮೇಲೆ ಹಿಂಬಾಗಿಲಲ್ಲಿ ಕುಸಿದದ್ದು ಎಂದರು. ಒಳಗಿನಿಂದ ಅವರ ಸೊಸೆ, “ಮಾಮಿ, ಆ ಬಸಳೆಯ ವಿಷಯ ಹೇಳಿ” ಎಂದಳು. ಹಿರಿಯಾಕೆ ಅವಳನ್ನು ಸುಮ್ಮನಿರಿಸಲು ನೋಡಿದರು. ನಾನು ಬಿಡಲಿಲ್ಲ.

“ಎಂತ ಹೇಳುದು ಮಾರಾಯ್ರೆ. ನಿಮ್ಮ ಬಸಳೆಯಲ್ಲಿ ಇರುವೆ ಉಂಟು. ಮಳೆಯಲ್ಲಿ ಒಮ್ಮೆ ಈ ಸೊಸೆಯ ಬೆರಳಿಗೆ ಕಚ್ಚಿ ಎರಡು ದಿನ ಕೈ ಎತ್ಲಿಕ್ಕಾಗ್ಲಿಲ್ಲ. ಕೊಟ್ಟ ವಸ್ತುವಿಗೆ ಕುಂದು ಹೇಳುದು ಸರಿಯಾ? ಈಗ ಬಸಳೆ ಬಂದ್ರೆ ಮೊದಲು ಕಂಪೌಂಡಿನ ಕಲ್ಲಿಗೆ ಬಡಿದೇ ಒಳಗೆ ತರುದು.”

ನಾವು ಅವರ ಪಾತ್ರೆಯನ್ನು ಮೂಸುತ್ತಿದ್ದ ಕಾಲಕ್ಕೆ ಅವರು ನಮ್ಮ ಸೊಪ್ಪನ್ನು ಕಲ್ಲಿಗೆ ಬಡಿಯುತ್ತಿದ್ದರು. ಸಂಕೋಚದಿಂದ ಎರಡೂ ಮನೆಯವರು ಬಾಯಿ ಬಿಟ್ಟಿರಲಿಲ್ಲ. ಉಳಿದ ಎರಡು ದಿನಗಳ ವಿಷಯ ಕೇಳಿದೆ. ಎಟ್ಟಿಯ ದಿನವೂ ಪತ್ತಿರಿನ ದಿನವೂ ಬಸಳೆಯೇ ಹೋಗಿತ್ತು. ಏನೂ ಆಗದ ದಿನಗಳಲ್ಲಿ ಹೋದದ್ದು ಕಾಯಿ ಇಲ್ಲವೇ ನುಗ್ಗೆ.

ಆಸ್ಪತ್ರೆಯಲ್ಲಿ ಹೆಂಡತಿಯನ್ನು ವಿಚಾರಿಸಿದೆ. ಹೌದು, ಬಸಳೆ ಕೊಯ್ಯುವಾಗ ಬೆರಳಿಗೆ ಏನೋ ಚುಚ್ಚಿತ್ತು, ಹಿಂದಿನ ಎರಡು ಸಲವೂ ಚುಚ್ಚಿತ್ತು ಎಂದಳು. ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ದಿಂಬಿಗೆ ಒರಗಿಯೇ ಉತ್ತರಿಸಿದಳು: “ಇರುವೆ ಕಚ್ಚಿದ್ದನ್ನೆಲ್ಲ ಹೇಳ್ಲಿಕ್ಕುಂಟಾ? ನೀವು, ಡಾಕ್ಟ್ರು ಎಲ್ಲ ಕೇಳಿದ್ದು ಎಂತ ತಿಂದೆ ಅಂತ. ನನ್ನನ್ನು ಎಂತ ತಿಂದಿತು ಅಂತ ಯಾರು ಕೇಳಿದ್ದು?”

ಆ ಸಂಜೆ ರಬ್ಬರು ತೋಟಕ್ಕೆ ಹಾಕುವ ಉದ್ದದ ಬೂಟು ಧರಿಸಿ, ಕೈಗವಸು ತೊಟ್ಟು ಚಪ್ಪರದ ಬಳಿ ನಿಂತೆ. ಬಚ್ಚಲಿನ ನೀರು ಹರಿಯುವಲ್ಲಿ ಬಸಳೆ, ಅದಕ್ಕೆ ಒಣ ಮರದ ಗೆಲ್ಲುಗಳ ಕಂಬ. ಎಲ್ಲ ಇರುವೆಗಳನ್ನೂ ಅನುಮಾನಿಸುತ್ತಾ ಹೋದೆ. ನೆಲದ ಮೇಲೆ ದೊಡ್ಡ ಕಟ್ಟಿರುವೆಗಳ ಸಾಲಿತ್ತು. ಅವು ಮೇಲೆ ಹತ್ತುತ್ತಿರಲಿಲ್ಲ. ಪಕ್ಕದ ಗೇರುಮರದಲ್ಲಿ ಎಲೆಗಳನ್ನು ಹೊಲಿದು ಗೂಡು ಕಟ್ಟಿದ ಚಗಳಿಗಳಿದ್ದವು. ಕಚ್ಚಿದರೆ ಅವು ಬಿಡುವುದಿಲ್ಲ, ಕಿತ್ತು ತೆಗೆಯಬೇಕು, ಹಾಗೆ ಕಿತ್ತದ್ದು ಅವಳಿಗೆ ನೆನಪಿರಲಿಲ್ಲ. ಮಣ್ಣಿನ ಚಿಕ್ಕ ಕೆಂಪಿರುವೆ ಪಾದವನ್ನು ಹಿಡಿಯುತ್ತದೆ, ಮರುದಿನ ಕೀವಿನ ಸಣ್ಣ ಗುಳ್ಳೆಗಳ ಗುಂಪನ್ನೇ ಎಬ್ಬಿಸುತ್ತದೆ. ಅವಳ ಬೆರಳಿನಲ್ಲಿದ್ದದ್ದು ಒಂದೇ ಒಂದು ಗುರುತು. ಕೊನೆಗೆ, ಸೊಪ್ಪು ಕೊಯ್ಯುವವರು ಸಹಜವಾಗಿ ಕೈ ಊರುವ ಎತ್ತರದಲ್ಲಿ, ಕಂಬದ ತೂತಿನಿಂದ ಎರಡು ಬಣ್ಣದ ಇರುವೆಯೊಂದು ಹೊರಬಂತು. ಹಿಂದೆ ಸಾಲಿಲ್ಲ, ಮುಂದೆ ಜೊತೆಯಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂದು ಬೇರೆ ದಿಕ್ಕಿಗೆ ಹೋಯಿತು. ಒಂದನ್ನು ಮಾತ್ರೆಯ ಖಾಲಿ ಡಬ್ಬಿಯಲ್ಲಿ ಹಿಡಿದು ವೈದ್ಯರಿಗೊಪ್ಪಿಸಿದೆ.

ಈ ಜಾತಿ ಕಚ್ಚುವುದಕ್ಕಿಂತ ಹೆಚ್ಚಾಗಿ ಬಾಲದ ಕೊಂಡಿಯಿಂದ ಚುಚ್ಚುತ್ತದೆ, ಒಣಮರದೊಳಗೆ ಗೂಡು ಮಾಡುತ್ತದೆ, ಹೆಚ್ಚಿನವರಿಗೆ ನೋವು, ಕೆಲವರಿಗೆ ಮಾತ್ರ ಆ ವಿಷ ಒಗ್ಗದೆ ಮೈಯೆಲ್ಲ ಊದುತ್ತದೆ ಎಂದು ಅವರು ವಿವರಿಸಿದರು. ಕೆಲವು ದಿನ ಬಿಟ್ಟು ಎಟ್ಟಿಗೂ ಪರೀಕ್ಷೆ ಮಾಡಿಸಿದರು. ಎಟ್ಟಿ ನಿರಪರಾಧಿ. ಉಸಿರು ಕಟ್ಟಿದರೆ ತೊಡೆಗೆ ಚುಚ್ಚಬೇಕಾದ ಔಷಧವನ್ನು ಬರೆದುಕೊಟ್ಟು, ಚುಚ್ಚುವ ಕ್ರಮವನ್ನು ನನಗೂ ಪಕ್ಕದ ಮನೆಯ ಸೊಸೆಗೂ ಕಲಿಸಿದರು. ಚುಚ್ಚಿದ ಮೇಲೆ ಕಾಯದೆ ಆಸ್ಪತ್ರೆಗೆ ಹೊರಡಬೇಕೆಂದೂ, ಬರಿಯ ನೋವಾದರೆ ತೊಳೆದು ತಣ್ಣೀರ ಬಟ್ಟೆ ಇಟ್ಟು, ತುರಿಸದೆ ಬಿಡಬೇಕೆಂದೂ ಹೇಳಿದರು.

ಒಣ ಕಂಬಗಳನ್ನು ಕಿತ್ತು ದೂರ ಒಯ್ದು ಸುಡಿಸಿದೆ. ಈಗ ಬಸಳೆ ಕಬ್ಬಿಣದ ಪೈಪುಗಳ ಮೇಲೆ ಹಬ್ಬಿದೆ. ಬಚ್ಚಲಿನ ಗೋಡೆಗೆ ಒತ್ತಿ ಪೇರಿಸುತ್ತಿದ್ದ ಸೌದೆ ಅಂಗಳದಾಚೆಗೆ ಹೋಯಿತು. ಹೊರಗೆ ಒಣಗಿದ ಬಟ್ಟೆಯನ್ನು ಕೊಡವದೆ ಯಾರೂ ಉಡುವಂತಿಲ್ಲ, ತೋಟದಲ್ಲಿ ಯಾವ ಒಣಮರಕ್ಕೂ ಕೈ ಊರುವಂತಿಲ್ಲ. ಸಕ್ಕರೆ ಡಬ್ಬಿಯ ಸುತ್ತ ನೀರು, ಹೊಸ್ತಿಲಿಗೆ ಅರಸಿನ ಎಲ್ಲ ಸಾಲಿನ ಇರುವೆಗೆ ಸರಿ. ಒಂಟಿಯಾಗಿ ಅಲೆಯುವ ಇದಕ್ಕೆ ಅವುಗಳಿಂದ ತಡೆಯಿದೆ ಎಂದು ನಾನು ನಂಬುವುದಿಲ್ಲ.

ಬಸಳೆ ಮತ್ತೆ ಚಿಗುರಿದಾಗ ಮೊದಲ ಕೊಯ್ಲನ್ನು ನಾನೇ ಕೈಗವಸು ತೊಟ್ಟು ಕೊಯ್ದು, ದಂಟು ದಂಟನ್ನೂ ಕೊಡವಿ ಪಕ್ಕದ ಮನೆಗೆ ಕೊಟ್ಟೆ. ಮಧ್ಯಾಹ್ನ ಹಿರಿಯಾಕೆ ತಾವೇ ಬಂದರು. ತಂದದ್ದು ಅದೇ ಬಸಳೆಯನ್ನು ಎಟ್ಟಿಯೊಂದಿಗೆ ಬೇಯಿಸಿದ ಗಸಿ. ಬಡಿಸಿ, ಹೋಗದೆ ಅಲ್ಲಿಯೇ ಕುಳಿತರು. ಹೆಂಡತಿ ಅನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟಳು, ಎರಡನೆಯದನ್ನೂ. ಪರೀಕ್ಷೆಯ ವರದಿ ನನ್ನ ಕಿಸೆಯಲ್ಲಿಯೇ ಇತ್ತು. ಆದರೂ ಅವಳ ತುಟಿಯಿಂದ ನನ್ನ ಕಣ್ಣು ಕದಲಲಿಲ್ಲ.

“ನನ್ನ ಬಾಯಿ ಎಂತ ನೋಡುದು ನೀವು?” ಎಂದಳು ಅವಳು. “ಉಪ್ಪು ಸ್ವಲ್ಪ ಕಮ್ಮಿ ಉಂಟು, ಅಷ್ಟೆ. ನಿಮ್ಮ ತಟ್ಟೆ ತೆಕ್ಕೊಳ್ಳಿ.”