ಈರಪ್ಪಣ್ಣನ ನಾಲ್ಕನೆಯ ಚುಕ್ಕಿ

ಈರಪ್ಪಣ್ಣನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಉಳಿದ ಒಂಬತ್ತನ್ನೂ ಅವರು ಚರ್ಮಕ್ಕೆ ಹತ್ತುವಂತೆ ಕತ್ತರಿಸಿಕೊಳ್ಳುತ್ತಿದ್ದರು. ಆ ಒಂದು ಉಗುರು ಅವರ ಅಳತೆಗೋಲು. ಬ್ರೇಕ್ ಡ್ರಮ್ಮಿನ ಒಳಮೈ ಮೇಲೆ ಅದನ್ನು ಸುತ್ತಲೂ ಎಳೆದು, ಕಣ್ಣು ಮುಚ್ಚಿಕೊಂಡೇ ಎಲ್ಲಿ ಎಷ್ಟು ಸವೆದಿದೆ ಎಂದು ಹೇಳುತ್ತಿದ್ದರು. ಆಮೇಲೆ ಅಳೆಯುವ ಸಾಮಾನು ಹಿಡಿದರೆ ಅದು ಗಿರಾಕಿಯ ಸಮಾಧಾನಕ್ಕೆ.

ಮೊಮ್ಮಕ್ಕಳೇ, ಇವರ ಹೆಸರು ನಿಮಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ "ನಿಮ್ಮ ಅಜ್ಜನನ್ನು ಕೊಂದ ಭಾಂಡುಪಿನ ಲೇತಿನವ" ಎಂದಷ್ಟೇ ಹೇಳುತ್ತಾರೆ. ಕನ್ನಡ ಓದುವುದು ನಿಮಗೆ ನಿಧಾನ, ಅದಕ್ಕೇ ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಕೊನೆಯವರೆಗೆ ಓದಿ.

ಎಪ್ಪತ್ತರ ಆಚೀಚೆಯ ವರ್ಷಗಳು. ಭಾಂಡುಪಿನ ಚಾಳಿನಲ್ಲಿ ನಮ್ಮದು ಮೊದಲ ಮಾಳಿಗೆಯ ಕೋಣೆ. ಕೆಳಗೆ ತಗಡಿನ ಶೆಡ್ಡಿನಲ್ಲಿ ಈರಪ್ಪಣ್ಣನ ಲೇತ್, ಕಬ್ಬಿಣವನ್ನು ತಿರುಗಿಸಿ ಹೆರೆಯುವ ಯಂತ್ರ. ಬಾಗಲಕೋಟೆ ಕಡೆಯವರು, ಒಂಟಿ ಮನುಷ್ಯ. ನಿಮ್ಮ ಅಜ್ಜ ಕಾಫಿ ಪುಡಿಯ ಡಬ್ಬಗಳನ್ನು ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ಚೆಂಬೂರಿನಿಂದ ಫೋರ್ಟಿನವರೆಗಿನ ಉಡುಪಿ ಹೋಟೆಲುಗಳಿಗೆ ಹಾಕುತ್ತಿದ್ದರು. ಗಾಡಿ ಯುದ್ಧಕಾಲದ್ದು, ವಿಲಾಯತಿ. ಅದರ ಬಿಡಿಭಾಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಕುರ್ಲಾದ ಗುಜರಿಯಲ್ಲಿ ಅದೃಷ್ಟವಿದ್ದರೆ ಸಿಗಬೇಕು, ಇಲ್ಲದಿದ್ದರೆ ಹಳೆಯದನ್ನೇ ಸರಿಮಾಡಿಸಬೇಕು.

ಚಕ್ರದ ನಡುವೆ ಬೋಗುಣಿಯಂಥ ಕಬ್ಬಿಣದ ಡ್ರಮ್ ಇರುತ್ತದೆ. ಬ್ರೇಕ್ ತುಳಿದರೆ ಒಳಗಿನ ಪಟ್ಟಿ ಅದರ ಗೋಡೆಯನ್ನು ಒತ್ತಿ ಗಾಡಿಯನ್ನು ನಿಲ್ಲಿಸುತ್ತದೆ. ಉಜ್ಜಿ ಉಜ್ಜಿ ಗೋಡೆಯಲ್ಲಿ ಗೀರು ಬೀಳುತ್ತದೆ, ಹಿಡಿತ ತಪ್ಪುತ್ತದೆ. ಆಗ ಲೇತಿಗೆ ಕಟ್ಟಿ, ತೆಂಗಿನಕಾಯಿ ಹೆರೆದಂತೆ ಒಳಗಿನಿಂದ ತೆಳ್ಳಗೆ ಹೆರೆದು ನುಣುಪು ಮಾಡಬೇಕು. ಗೀರು ಹೋಗುತ್ತದೆ, ಗೋಡೆಯೂ ಅಷ್ಟು ತೆಳುವಾಗುತ್ತದೆ. ಇದೆಲ್ಲ ನನಗೆ ಯಾರೂ ಕಲಿಸಲಿಲ್ಲ. ಕಿಟಕಿಯಲ್ಲಿ ಅಕ್ಕಿ ಆರಿಸುತ್ತ ನೋಡಿ ಕಲಿತದ್ದು.

ಒಮ್ಮೆ ಹೆರೆದರೆ ಈರಪ್ಪಣ್ಣ ಡ್ರಮ್ಮಿನ ಅಂಚಿಗೆ ಉಳಿಯಿಂದ ಒಂದು ಚುಕ್ಕಿ ಹೊಡೆಯುತ್ತಿದ್ದರು. ಎರಡನೆಯ ಸಲಕ್ಕೆ ಎರಡನೆಯ ಚುಕ್ಕಿ. ಮೂರು ಚುಕ್ಕಿ ಇರುವ ಡ್ರಮ್ ಮತ್ತೆ ಬಂದರೆ ಲೇತಿಗೆ ಹಾಕುತ್ತಿರಲಿಲ್ಲ. ಅಡೆಗಲ್ಲಿನ ಮೇಲಿಟ್ಟು, ಮಾಲೀಕನ ಎದುರಿಗೇ ಸುತ್ತಿಗೆಯಿಂದ ಒಡೆದುಬಿಡುತ್ತಿದ್ದರು, ಅವನು ಅದನ್ನು ಇನ್ನೊಬ್ಬನಿಗೆ ದಾಟಿಸಬಾರದೆಂದು. ಹಾಲಿನ ಭಯ್ಯಾ ಒಬ್ಬ ತಲೆ ಚಚ್ಚಿಕೊಂಡು ಕೂಗಿದ್ದ: "ಅರೇ, ಮೇರಾ ಡ್ರಮ್ ತೋಡ್ ದಿಯಾ!" ಈರಪ್ಪಣ್ಣ ತಮ್ಮ ಹರಕು ಹಿಂದಿಯಲ್ಲಿ, "ಡ್ರಮ್ ಗಯಾ, ತುಮ್ ಬಚಾ. ಜಾವ್, ಹಾಲ್ ಒಡೀತದ," ಎಂದರು. ಚಾಳಿಗೆ ಚಾಳೇ ನಕ್ಕಿತು. ನಾನೂ ಸೆರಗಿನೊಳಗೆ ನಕ್ಕೆ.

"ಹೆರದ ಕಬ್ಬಿಣ ತಿರುಗಿ ಹಚ್ಚಾಕ ಬರೂದಿಲ್ಲ" ಎನ್ನುವುದು ಅವರ ಮಾತು. ಯಾರಾದರೂ ಅವಸರ ಮಾಡಿದರೆ ಅದನ್ನೇ ಹೇಳುತ್ತಿದ್ದರು.

ಮಧ್ಯಾಹ್ನ ನಾಲ್ಕಕ್ಕೆ ನಾನು ಶೆಡ್ಡಿನ ಕಟ್ಟೆಯ ಮೇಲೆ ಒಂದು ಲೋಟ ಕಾಫಿ ಇಟ್ಟು ಬರುತ್ತಿದ್ದೆ. ಮಾತಿಲ್ಲ. ಹಳ್ಳಿಯಲ್ಲಿ ಏಳನೆಯವರೆಗೆ ಓದಿದವಳು ನಾನು, ಪರಗಂಡಸರ ಮುಂದೆ ಬಾಯಿ ಬರುತ್ತಿರಲಿಲ್ಲ. ಅವರೂ ಕೆದಕಿದವರಲ್ಲ. ಲೋಟ ತೊಳೆದು ಮೆಟ್ಟಿಲ ಮೇಲೆ ಬೋರಲು ಹಾಕಿರುತ್ತಿದ್ದರು.

ಒಂದು ದಿನ ನಿಮ್ಮ ಅಜ್ಜ ಹಿಂದಿನ ಚಕ್ರದ ಡ್ರಮ್ ಹಿಡಿದು ಶೆಡ್ಡಿಗೆ ಹೋದರು. ಅದರಲ್ಲಿ ಮೂರು ಚುಕ್ಕಿ.

"ಸುತ್ತಿಗೆ ಆಚೆ ಇಡು ಮಾರಾಯಾ," ಎಂದರು ನಿಮ್ಮ ಅಜ್ಜ. "ಕುರ್ಲಾದವ ಎಂಟು ದಿನದಲ್ಲಿ ಬೇರೆ ತರಿಸಿಕೊಡ್ತಾನಂತೆ. ಅಷ್ಟರವರೆಗೆ ಓಡಿದರೆ ಸಾಕು."

"ಎಂಟ ದಿನ ಲೋಕಲ್ ರೈಲಿನ್ಯಾಗ ಹೋಗ್ರೀ ಕಾಫಿ ಸಾವ್ಕಾರ್ರ."

"ಆ ರಶ್ಶಿನಲ್ಲಿ ಇಷ್ಟು ಡಬ್ಬ ಹೊತ್ತುಕೊಂಡಾ? ಹೊತ್ತಿಗೆ ಸರಿಯಾಗಿ ಪುಡಿ ಹೋಗದಿದ್ದರೆ ಹೋಟೆಲಿನವರು ಬೇರೆಯವನನ್ನು ಹಿಡೀತಾರೆ."

"ಹಿಡೀಲಿ. ಇದು ಕಾಗದ ಆಗೈತ್ರಿ."

ನಿಮ್ಮ ಅಜ್ಜ ಡ್ರಮ್ಮನ್ನು ಅಲ್ಲೇ ಬಿಟ್ಟು ಮೇಲೆ ಬಂದು, ಗೋಡೆಗೆ ಒರಗಿ ಕೂತರು. ನಿಮ್ಮ ಅಪ್ಪ ಆಗ ಎಂಟು ತಿಂಗಳ ಕೂಸು, ಅವನು ತೊಡೆಯ ಮೇಲೆ ಹತ್ತಿದರೂ ಮುಟ್ಟಲಿಲ್ಲ. ನನಗೆ ನೋಡಲಾಗಲಿಲ್ಲ. ಅವರು ಕಳಿಸಲಿಲ್ಲ, ನಾನೇ ಕಾಫಿ ಲೋಟ ಹಿಡಿದು ಇಳಿದೆ. ಈರಪ್ಪಣ್ಣ ಸುತ್ತಿಗೆ ಎತ್ತಿದ್ದರು.

"ಈರಪ್ಪಣ್ಣ, ಒಡೀಬೇಡಿ. ಇದೊಂದು ಸಲ ಮಾಡಿಕೊಡಿ. ಎಂಟೇ ದಿನ."

ಅವರು ಸುತ್ತಿಗೆ ಇಳಿಸಿದರು. "ಎರಡ ವರ್ಷ ಆತು ತಂಗೆವ್ವಾ, ನಿನ್ನ ಕೈಯಾಗಿನ ಕಾಫಿ ಕುಡ್ಯಾಕ ಹತ್ತಿ. ಇವತ್ತ ಮೊದಲ್ನೇ ಮಾತು ಕೇಳಿದೆ. ಇದನ್ನ ಕೇಳಬೇಕಿತ್ತಾ?"

ನಾನು ಕಟ್ಟೆ ಬಿಟ್ಟು ಕದಲಲಿಲ್ಲ. ಕೊನೆಗೆ ಅವರು ಲೇತ್ ಶುರು ಮಾಡಿದರು. ಹೆರೆದದ್ದು ಕೂದಲೆಳೆಯಷ್ಟು. ಉಳಿ ಹಿಡಿದರು. ಆಮೇಲೆ ನಾಲ್ಕನೆಯ ಚುಕ್ಕಿ ಹೊಡೆದರು.

"ಇಳಿಜಾರದಾಗ ಬ್ರೇಕಿನ ಮ್ಯಾಲ ನಿಂದರಬ್ಯಾಡ ಅಂತ ಹೇಳು."

ಹೇಳಿದೆ. ಆರನೆಯ ದಿನ ಬೆಳಿಗ್ಗೆ ಸಾಯನ್ ಸೇತುವೆ ಇಳಿಯುವಾಗ ಮುಂದಿನ ಲಾರಿ ತಟ್ಟನೆ ನಿಂತಿತಂತೆ. ನಿಮ್ಮ ಅಜ್ಜ ಬ್ರೇಕ್ ತುಳಿದರಂತೆ. ಡ್ರಮ್ ಎರಡು ಹೋಳಾಗಿತ್ತು.

ನನ್ನ ಭಾವ, ನಿಮ್ಮ ದೊಡ್ಡಜ್ಜ, ಆ ಹೋಳುಗಳನ್ನು ಹಿಡಿದುಕೊಂಡು ಚಾಳಿಗೆ ಬಂದರು. ಅಂಗಳದಲ್ಲಿ ಜನ ಸೇರಿತು. ನಾನು ಕೂಸನ್ನು ಎತ್ತಿಕೊಂಡು ಮೇಲಿನ ಬಾಗಿಲ ಸಂದಿಯಲ್ಲಿ ನಿಂತಿದ್ದೆ.

"ಮೂರರ ಮೇಲೆ ಹೆರೆಯೋದಿಲ್ಲ ಅಂತ ಊರಿಗೆಲ್ಲ ಹೇಳ್ತಿದ್ದೆಯಲ್ಲ, ಇದು ಯಾರು ಹೇಳಿ ಮಾಡಿದ್ದು?"

ಈರಪ್ಪಣ್ಣ ತಲೆ ಎತ್ತಿದರು. ಬಾಗಿಲ ಸಂದಿಯಲ್ಲಿ ನನ್ನನ್ನು ಕಂಡರು, ಕಣ್ಣು ಕೆಳಗಿಳಿಸಿದರು.

"ಯಾರೂ ಹೇಳಿಲ್ರಿ. ಹೆರದಾಂವ ನಾನು. ನನ್ನ ಕೈ ತಪ್ಪಿತು."

ಕೈಯ ಮೇಲೆಯೇ ಬದುಕಿದ್ದ ಮನುಷ್ಯ ಹತ್ತಾರು ಜನರ ಎದುರು ಕೈ ತಪ್ಪಿತು ಎಂದರು. ಭಾವ ಕೆನ್ನೆಗೆ ಹೊಡೆದರು. ಈರಪ್ಪಣ್ಣ ಹೊಡೆಸಿಕೊಂಡರು. ನಾನು ಬಾಗಿಲು ತೆರೆಯಲಿಲ್ಲ.

ಮೂರು ತಿಂಗಳಿಗೆ ನಾನು ಚೆಂಬೂರಿನ ಈ ಮನೆಗೆ, ಭಾವನವರ ಆಶ್ರಯಕ್ಕೆ ಹೊರಟೆ. ಸಾಮಾನಿನ ಟೆಂಪೋ ನಿಂತಿತ್ತು. ಕೊನೆಯ ಸಲ ಕಾಫಿ ಹಿಡಿದು ಶೆಡ್ಡಿಗೆ ಹೋದೆ. ಅಷ್ಟರಲ್ಲಿ ಅವರು ಬ್ರೇಕಿನ ಕೆಲಸ ಬಿಟ್ಟಿದ್ದರು. ಹಿಟ್ಟಿನ ಗಿರಣಿಯ ಗಾಲಿಗಳನ್ನಷ್ಟೇ ಲೇತಿನಲ್ಲಿ ಹೆರೆಯುತ್ತಿದ್ದರು. ಲೋಟ ತೆಗೆದುಕೊಳ್ಳಲು ಚಾಚಿದ ಕೈ ನೋಡಿದೆ. ಹೆಬ್ಬೆರಳಿನ ಉಗುರನ್ನೂ ಚರ್ಮಕ್ಕೆ ಹತ್ತುವಂತೆ ಕತ್ತರಿಸಿಕೊಂಡಿದ್ದರು.

"ಅಣ್ಣಾ, ಭಾವನ ಹತ್ತಿರ ಹೇಳ್ತೇನೆ, ನಾನೇ..."

"ಬ್ಯಾಡ." ದನಿ ಗಟ್ಟಿಯಾಗಿತ್ತು. "ಆ ಮನಿಯಾಗ ಬಾಳೇವು ಮಾಡಬೇಕಾದಾಕಿ ನೀನು, ತಂಗೆವ್ವಾ. ನಾ ಅಲ್ಲಿ ಇರಾಂವಲ್ಲ."

ಕಾಫಿ ಕುಡಿದರು, ಲೋಟ ತೊಳೆದು ನನ್ನ ಕೈಗೇ ಕೊಟ್ಟರು. ಮತ್ತೆ ಅವರನ್ನು ನೋಡಲಿಲ್ಲ. ಕೆಲವು ವರ್ಷಗಳ ನಂತರ ಭಾಂಡುಪಿನಿಂದ ಬಂದವರೊಬ್ಬರು, ಆ ಶೆಡ್ ಈಗಿಲ್ಲ, ಲೇತಿನವ ಎಲ್ಲಿಗೆ ಹೋದನೋ ಗೊತ್ತಿಲ್ಲ ಎಂದರು. ನನ್ನೆದುರಿಗೇ ಈ ಮನೆಯಲ್ಲಿ ಅವರಿಗೆ ಶಾಪ ಹಾಕಿದ್ದಾರೆ. ನಾನು ಬಡಿಸುತ್ತ ಕೇಳಿಸಿಕೊಂಡಿದ್ದೇನೆ.

ಇನ್ನು ಮೇಲೆ ಅವರನ್ನು ಈರಪ್ಪಣ್ಣ ಎಂದು ಕರೆಯಿರಿ. ನಾಲ್ಕನೆಯ ಚುಕ್ಕಿ ಹೊಡೆಸಿದವಳು ನಾನು. ವಯಸ್ಸಾಯಿತು, ಈಗ ಈ ಮನೆಯಲ್ಲಿ ನಾನೂ ಬಹಳ ದಿನ ಇರುವವಳಲ್ಲ.